ಬೆಟ್ಟದ ಮೇಲಿನ ಸಿಡಿಲು ಮಾಪಕ ತಪ್ಪು ಲೆಕ್ಕ ಕೊಟ್ಟರೆ ಎಲ್ಲಿಂದ ಹುಡುಕಬೇಕು: ಸಂಡೂರು ಬೆಟ್ಟಸಾಲಿನ ಅನುಭವ

ಏಪ್ರಿಲ್ ಕೊನೆಯ ಒಂದು ರಾತ್ರಿ. ಸಂಡೂರಿನ ಮೇಲೆ ಒಂದು ಮೋಡವೂ ಇರಲಿಲ್ಲ, ನಕ್ಷತ್ರ ಎಣಿಸಬಹುದಿತ್ತು. ಬೆಟ್ಟದ ಅಂಚಿನಲ್ಲಿ ನಾವು ಇಟ್ಟಿದ್ದ ಮಾಪಕ ಮಾತ್ರ ಆ ಒಂದೇ ರಾತ್ರಿ 212 ಸಿಡಿಲು ಬರೆದುಕೊಂಡಿತ್ತು. ಮೂರು ವಾರ ಕಳೆದ ಮೇಲೆ ಕೃತ್ತಿಕೆ ಮಳೆಯಲ್ಲಿ ಅದೇ ಮಾಪಕದಿಂದ ಸುಮಾರು 40 ಮೀಟರ್ ದೂರದ ಮರ ಸಿಡಿಲು ಬಡಿದು ಬುಡದವರೆಗೆ ಸೀಳಿತು. ಆ ಸಂಜೆಯ ಲೆಕ್ಕ ನೋಡಿದರೆ ಸೊನ್ನೆ.

ಒಂದೇ ಡಬ್ಬಿ, ಎರಡು ಉಲ್ಟಾ ದೋಷ. ಇಲ್ಲದ್ದನ್ನು ಎಣಿಸುತ್ತದೆ, ಇದ್ದದ್ದನ್ನು ಬಿಡುತ್ತದೆ. ಇವೆರಡೂ ಬೇರೆ ಬೇರೆ ದೋಷ ಅಂತ ನಾವು ಅಂದುಕೊಂಡಿದ್ದೆವು. ಹಾಗಲ್ಲ, ಮೊದಲನೆಯದನ್ನು ತಪ್ಪು ರೀತಿಯಲ್ಲಿ ಸರಿಮಾಡಲು ಹೋಗಿದ್ದರಿಂದಲೇ ಎರಡನೆಯದು ಹುಟ್ಟಿತ್ತು. ಬಳ್ಳಾರಿ, ಕೊಪ್ಪಳ ಕಡೆ ಇಂಥ ಮಾಪಕ ಇಡಲು ಹೊರಟವರಿಗೆ ನಮ್ಮ ಹಾಗೆ ಒಂದು ಮಳೆಗಾಲ ಹಾಳಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಬರುವ ಅಡ್ಡಮಳೆಯಲ್ಲಿ ನಮ್ಮ ಕಡೆ ಕುರಿ ಕಾಯುವವರು, ಹೊಲದಲ್ಲಿ ಕೆಲಸ ಮಾಡುವವರು ಸಿಡಿಲಿಗೆ ಜೀವ ಕಳೆದುಕೊಳ್ಳುತ್ತಾರೆ. ಯಾವ ಗುಡ್ಡದ ನೆತ್ತಿಗೆ ಜಾಸ್ತಿ ಬೀಳುತ್ತದೆ, ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತ ಗೊತ್ತಾಗಬೇಕಾದರೆ ಲೆಕ್ಕ ಸರಿ ಇರಬೇಕು ಅಲ್ವಾ?

ನಮ್ಮಲ್ಲಿ ಏನಿತ್ತು

ಮಾಪಕದ ಒಳಗೆ ಎಎಸ್3935 ಚಿಪ್ ಇರುವ ಬೋರ್ಡ್, ಅದರ ಮಾತು ಕೇಳುವ ಒಂದು ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್), 12 ವೋಲ್ಟ್ ಬ್ಯಾಟರಿ, ಸೋಲಾರ್ ಪ್ಯಾನೆಲ್, 12ನ್ನು 5 ವೋಲ್ಟ್‌ಗೆ ಇಳಿಸುವ ಎಲ್‌ಎಂ2596 ಬೋರ್ಡ್. ಎಎಸ್3935 ಚಿಪ್ ಸಿಡಿಲನ್ನು ಕಣ್ಣಿಂದ ನೋಡುವುದಿಲ್ಲ. ಸಿಡಿಲು ಹೊಡೆದಾಗ ಹೊರಡುವ ರೇಡಿಯೋ ಅಲೆಯನ್ನು 500 ಕಿಲೋಹರ್ಟ್ಸ್ ಹತ್ತಿರ ಹಿಡಿಯುತ್ತದೆ. ಅಲ್ಲಿಂದ 15 ಮೀಟರ್ ಆಚೆ 6 ಮೀಟರ್ ಎತ್ತರದ ಸಿಡಿಲು ಕಂಬ. ಅದರಿಂದ ನೆಲಕ್ಕೆ ಇಳಿಯುವ ತಾಮ್ರದ ಪಟ್ಟಿಗೆ ಒಂದು ಎಣಿಕೆ ಯಂತ್ರ ಕಟ್ಟಿದ್ದೆವು. ಹೋಲಿಸಿ ನೋಡಲು ಬಳ್ಳಾರಿಯಲ್ಲಿ ಮನೆ ಮಾಳಿಗೆ ಮೇಲೆ ಇಂಥದ್ದೇ ಇನ್ನೊಂದು ಡಬ್ಬಿ.

ಬೆಟ್ಟ ಹತ್ತುವ ಮೊದಲು

ಇದನ್ನು ಓದದೆ ಮುಂದೆ ಹೋಗಬೇಡಿ. ಕಬ್ಬಿಣದ ಕಂಬ, ಉದ್ದದ ವೈರು, ಬೆಟ್ಟದ ನೆತ್ತಿ: ಸಿಡಿಲಿಗೆ ಬೇಕಾದದ್ದೆಲ್ಲ ಅಲ್ಲಿದೆ. ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಮೋಡ ಮಧ್ಯಾಹ್ನದ ಮೇಲೆ ನೋಡನೋಡುತ್ತಲೇ ಕಟ್ಟುತ್ತದೆ. ನಾವು ಬೆಳಿಗ್ಗೆ ಹೋಗಿ 11 ಗಂಟೆಯೊಳಗೆ ಇಳಿದುಬಿಡುತ್ತೇವೆ. ಗುಡುಗು ಕಿವಿಗೆ ಬಿತ್ತು ಅಂದರೆ ಕೆಲಸ ಅರ್ಧಕ್ಕೇ ಬಿಟ್ಟು ಇಳಿಯುವುದು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಹತ್ತುವುದಿಲ್ಲ. ಮರದ ಕೆಳಗೆ ನಿಲ್ಲುವುದೂ ಇಲ್ಲ. ಮಳೆ ಬೀಳದಿದ್ದರೂ ಸಿಡಿಲು ಬೀಳಬಹುದು. ಕೆಟ್ಟ ಮಾಪಕವನ್ನು ನಾಳೆ ಸರಿಮಾಡಬಹುದು.

ಮೊದಲು ತಪ್ಪು ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಲೆಕ್ಕ ತಪ್ಪು ಅನ್ನಲು ಇನ್ನೊಂದು ಲೆಕ್ಕ ಬೇಕು. ನಾವು ಎರಡು ಇಟ್ಟುಕೊಂಡೆವು. ಒಂದು ಕಣ್ಣು ಕಿವಿ. ಊರಿನ ಮನೆಯೊಳಗೆ ಕಿಟಕಿಯಿಂದ ದೂರ ಕೂತು, ಮಿಂಚು ಕಂಡ ಗಂಟೆ ನಿಮಿಷ, ಗುಡುಗು ಕೇಳುವ ತನಕ ಎಷ್ಟು ಸೆಕೆಂಡು ಅಂತ ನೋಟ್‌ಬುಕ್‌ನಲ್ಲಿ ಬರೆಯುವುದು. 3 ಸೆಕೆಂಡಿಗೆ ಹೆಚ್ಚುಕಡಿಮೆ 1 ಕಿಲೋಮೀಟರ್. ಬೆಟ್ಟದ ಸಾಲಿನಲ್ಲಿ ಗುಡುಗು ಒಂದು ಗುಡ್ಡಕ್ಕೆ ಬಡಿದು ಇನ್ನೊಂದು ಗುಡ್ಡದಿಂದ ವಾಪಸ್ ಬರುತ್ತದೆ, ಆದ್ದರಿಂದ ಮೊದಲ ಸದ್ದಿಗೆ ಎಣಿಕೆ ನಿಲ್ಲಿಸಬೇಕು. ದೊಡ್ಡ ಸದ್ದಿಗಾಗಿ ಕಾದರೆ ದೂರ ತಪ್ಪುತ್ತದೆ. ಇನ್ನೊಂದು ಸಾಕ್ಷಿ ಮೊಬೈಲ್ ಆಪ್. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ದಾಮಿನಿ ಇದೆ, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸಿಡಿಲು ಆಪ್ ಇದೆ. ಯಾವುದಾದರೂ ಸರಿ, ಸುತ್ತ 40 ಕಿಲೋಮೀಟರಿನಲ್ಲಿ ಆ ಹೊತ್ತಿಗೆ ಏನಾದರೂ ಆಗುತ್ತಿತ್ತಾ ಅಂತ ತಿಳಿದರೆ ಸಾಕು.

ಆಮೇಲೆ ಮಾಪಕದ ಲೆಕ್ಕವನ್ನು ನಿಮಿಷದ ಪ್ರಕಾರ ಹರಡಿ ನೋಡಿ. ಇದೊಂದೇ ಕೆಲಸ ನಮ್ಮ ಅರ್ಧ ತಲೆನೋವು ಕಳೆಯಬಹುದಿತ್ತು, ಮೊದಲೇ ಮಾಡಿದ್ದರೆ. ನಿಜವಾದ ಮಳೆಯಲ್ಲಿ ಸಿಡಿಲು ಗುಂಪು ಗುಂಪಾಗಿ ಬರುತ್ತದೆ. ಮೋಡ ಹತ್ತಿರ ಬಂದ ಹಾಗೆ ಏರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಯಂತ್ರದ ಗದ್ದಲ ಹಾಗಿರುವುದಿಲ್ಲ. ಅದು ಸ್ವಿಚ್ ಹಾಕಿದಾಗ ಶುರುವಾಗಿ ಸ್ವಿಚ್ ತೆಗೆದಾಗ ನಿಲ್ಲುತ್ತದೆ. ನಮ್ಮ 212ರಲ್ಲಿ ಬಹುಪಾಲು ಸಂಜೆ 6:40ಕ್ಕೆ ಶುರುವಾಗಿ ರಾತ್ರಿ 11ರ ಹೊತ್ತಿಗೆ ನಿಂತಿತ್ತು. ಪ್ರತಿದಿನವೂ ಅದೇ ಹೊತ್ತು. ಯಾವ ಮೋಡವೂ ದಿನಾ ಅಷ್ಟು ಸರಿಯಾಗಿ ಗಡಿಯಾರ ನೋಡಿಕೊಂಡು ಬರುವುದಿಲ್ಲ.

ನಾವು ಮಾಡಿದ ತಪ್ಪು

ಹೀಗೆ ನೋಡುವ ಬದಲು ನಾವು ನೇರ ಸೆಟ್ಟಿಂಗ್‌ಗೆ ಕೈ ಹಾಕಿದ್ದೆವು. ಈ ಚಿಪ್‌ನಲ್ಲಿ ಗದ್ದಲ ತಡೆಯಲು ಮೂರು ತಿರುಗುಣಿ ಇದ್ದ ಹಾಗೆ: ಹಿನ್ನೆಲೆ ಗದ್ದಲದ ಮಟ್ಟ, ಎಷ್ಟು ಜೋರಿನ ಅಲೆ ಬಂದರೆ ಎಚ್ಚರಾಗಬೇಕು ಅನ್ನುವ ಮಿತಿ, ಅಲೆಯ ಆಕಾರ ಸಿಡಿಲಿನದಲ್ಲ ಅನಿಸಿದರೆ ತಳ್ಳಿಹಾಕುವ ಬಿಗಿ. ಕಾರ್ಖಾನೆಯಿಂದ ಬರುವಾಗ ಮೂರೂ 2ರಲ್ಲಿ ಇರುತ್ತವೆ. ನಾವು ಮೊದಲನೆಯದನ್ನು 5ಕ್ಕೆ, ಉಳಿದೆರಡನ್ನು 9ಕ್ಕೆ ಏರಿಸಿದೆವು. ಸುಳ್ಳು ಎಣಿಕೆ ಹೆಚ್ಚುಕಡಿಮೆ ನಿಂತುಹೋಯಿತು, ಸರಿಯಾಯಿತು ಅಂತ ಬೆಟ್ಟ ಇಳಿದೆವು. ಅಕ್ಕಪಕ್ಕದ ಗದ್ದಲ ತಡೆಯಲಾರದೆ ಮಾಪಕದ ಕಿವಿಗೇ ಹತ್ತಿ ತುರುಕಿದ್ದೆವು. ಮೇ ತಿಂಗಳಲ್ಲಿ ಮರ ಸೀಳಿದಾಗ ಅದಕ್ಕೆ ಕೇಳಿಸಲಿಲ್ಲ.

ಅದಕ್ಕೇ ಹೇಳುವುದು, ಸುಳ್ಳು ಎಣಿಕೆ ಬಂದರೆ ಸೆಟ್ಟಿಂಗ್ ಮುಟ್ಟಬೇಡಿ. ಮುಟ್ಟಿದ್ದರೆ ಮೂರನ್ನೂ 2ಕ್ಕೆ ವಾಪಸ್ ತನ್ನಿ. ಸುಳ್ಳು ಎಣಿಕೆ ಮತ್ತೆ ಬರಲಿ. ದೋಷ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಹಿಡಿಯಲು ಆಗುತ್ತದೆ.

ಗದ್ದಲದ ಮೂಲ ಹುಡುಕುವುದು

ಬೆಟ್ಟದ ಕೆಳಗೆ ಒಂದು ಕ್ರಷರ್ ಇತ್ತು. ನಮ್ಮ ಕಡೆ ಏನು ಕೆಟ್ಟರೂ ಮೊದಲು ಗಣಿ, ಕ್ರಷರ್ ಕಡೆ ಬೆರಳು ಹೋಗುತ್ತದೆ. ನಾವೂ ಎರಡು ವಾರ ಅದರ ಹಿಂದೆ ಬಿದ್ದೆವು. ಒಂದು ದಿನ ರಿಪೇರಿಗೆ ಅಂತ ಕ್ರಷರ್ ಪೂರ್ತಿ ನಿಂತಿತ್ತು. ಆ ಸಂಜೆಯೂ 6:40ಕ್ಕೆ ಎಣಿಕೆ ಶುರುವಾಯಿತು. ದೊಡ್ಡ ಮೋಟಾರು ದೂರದಲ್ಲಿದೆ, ಸಣ್ಣ ಬಲ್ಬು ಪಕ್ಕದಲ್ಲಿದೆ. ಮಾಪಕಕ್ಕೆ ಪಕ್ಕದ್ದೇ ಜೋರು.

ದಾರಿ ತೋರಿಸಿದ್ದು ಒಂದು ಹಳೇ ಟ್ರಾನ್ಸಿಸ್ಟರ್ ರೇಡಿಯೋ. ಮೀಡಿಯಂ ವೇವ್ ಪಟ್ಟಿಯ ಕೆಳತುದಿ 530 ಕಿಲೋಹರ್ಟ್ಸ್ ಹತ್ತಿರ ಇರುತ್ತದೆ. ನಮ್ಮ ಚಿಪ್ ಕೇಳುವುದು 500ರಲ್ಲಿ, ಅಂದರೆ ಪಕ್ಕದ ಮನೆ. ಮುಳ್ಳನ್ನು ಆ ತುದಿಗೆ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ, ರೇಡಿಯೋ ಕೈಯಲ್ಲಿ ಹಿಡಿದು ಡಬ್ಬಿಯ ಸುತ್ತ ನಡೆಯಿರಿ. ಎಲ್ಲಿ ಕರ್ರ್ ಅನ್ನುವ ಸದ್ದು ಏರುತ್ತದೋ ಆ ಕಡೆ ಹೋಗಿ. ರೇಡಿಯೋವನ್ನು ನಿಧಾನವಾಗಿ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಸದ್ದು ಪೂರಾ ಇಳಿಯುತ್ತದೆ. ಆಗ ಒಳಗಿನ ಆಂಟೆನಾ, ಅಂದರೆ ಫೆರೈಟ್ ಕಡ್ಡಿಯ ತುದಿ ಗದ್ದಲದ ಮೂಲದ ಕಡೆ ಮುಖ ಮಾಡಿರುತ್ತದೆ. ಸಾವಿರಾರು ರೂಪಾಯಿಯ ಮೀಟರ್ ಇಲ್ಲದೆ ಮಾಡಬಹುದಾದ ಪರೀಕ್ಷೆ ಇದು, ನನಗೆ ಇದರ ಮೇಲೆ ತುಂಬಾ ನಂಬಿಕೆ.

ಸೂರ್ಯ ಮುಳುಗುವ ಹೊತ್ತಿಗೆ, ಆಕಾಶ ಪೂರ್ತಿ ತಿಳಿಯಾಗಿದ್ದ ದಿನ ನೋಡಿ ಹೋದೆವು. ರೇಡಿಯೋ ನಮ್ಮನ್ನು 20 ಮೀಟರ್ ದೂರದ ದನದ ಕೊಟ್ಟಿಗೆಗೆ ಕರೆದೊಯ್ದಿತು. ಅಲ್ಲಿ ಹೊಸದಾಗಿ ಹಾಕಿದ್ದ ಎಲ್‌ಇಡಿ ದೀಪ. ಕತ್ತಲಾದಾಗ ಹಾಕುತ್ತಾರೆ, ಮಲಗುವಾಗ ಆರಿಸುತ್ತಾರೆ. ಅಗ್ಗದ ಎಲ್‌ಇಡಿ ಬಲ್ಬಿನೊಳಗಿನ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತದೆ, ಆ ಕಡಿತದ ಚೂರುಗಳು 500 ಕಿಲೋಹರ್ಟ್ಸ್ ತನಕ ಹರಡುತ್ತವೆ. ಕೊಟ್ಟಿಗೆಯ ಉದ್ದದ ವೈರೇ ಅದಕ್ಕೆ ಆಂಟೆನಾ. ಬಲ್ಬು ಬದಲಿಸಿದ ಮೇಲೆ ರಾತ್ರಿಯ ಎಣಿಕೆ 200ರ ಆಸುಪಾಸಿನಿಂದ 30ಕ್ಕೆ ಇಳಿಯಿತು.

ಉಳಿದ 30ಕ್ಕೆ ಕಾರಣ ನಮ್ಮ ಡಬ್ಬಿಯ ಒಳಗೇ ಇತ್ತು. ಎಲ್‌ಎಂ2596 ಬೋರ್ಡಿನ ಕಡಿತದ ವೇಗ 150 ಕಿಲೋಹರ್ಟ್ಸ್ ಅಂತ ಇದ್ದರೂ, ಬಿಡಿ ಚಿಪ್‌ಗಳಲ್ಲಿ ಅದು 127ರಿಂದ 173ರ ತನಕ ಎಲ್ಲಾದರೂ ಇರಬಹುದು ಅಂತ ಅದರ ತಾಂತ್ರಿಕ ಹಾಳೆಯೇ ಹೇಳುತ್ತದೆ. 165 ಸುತ್ತ ಇದ್ದರೆ ಅದರ ಮೂರುಪಟ್ಟು 495. ಮಾಪಕ ಕಿವಿಗೊಟ್ಟು ಕೂತಿರುವ ಜಾಗಕ್ಕೇ ಬಂದು ಬೀಳುತ್ತದೆ. ನಾವು ಸೆನ್ಸರ್ ಬೋರ್ಡಿಗೆ ಮಾತ್ರ ಬೇರೆ, ಕಡಿತವಿಲ್ಲದೆ ವೋಲ್ಟ್ ಇಳಿಸುವ ಲೀನಿಯರ್ ರೆಗ್ಯುಲೇಟರ್ ಕೊಟ್ಟೆವು. ಸ್ವಲ್ಪ ಬಿಸಿಯಾಗುತ್ತದೆ, ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ, ಪರವಾಗಿಲ್ಲ. ಎಲ್‌ಎಂ2596ನ್ನು ಮೈಕ್ರೋಕಂಟ್ರೋಲರ್ ಜೊತೆ ಬೇರೆ ಡಬ್ಬಿಗೆ ಕಳಿಸಿದೆವು. ಎರಡು ಡಬ್ಬಿಯ ನಡುವೆ ಒಂದು ಮೊಳಕ್ಕಿಂತ ಜಾಸ್ತಿ ದೂರ. ಸುಳ್ಳು ಎಣಿಕೆ ರಾತ್ರಿಗೆ ಒಂದೋ ಎರಡೋ ಉಳಿಯಿತು, ಕೆಲವು ರಾತ್ರಿ ಅದೂ ಇಲ್ಲ.

ಪ್ಯಾನೆಲ್‌ನಿಂದ ಬ್ಯಾಟರಿ ತುಂಬಿಸುವ ಸೋಲಾರ್ ಚಾರ್ಜ್ ಕಂಟ್ರೋಲರ್ ಕೂಡ ಇದೇ ಜಾತಿಯದು. ನಿಮ್ಮ ಸುಳ್ಳು ಎಣಿಕೆ ಹಗಲು ಮಾತ್ರ ಬರುತ್ತಿದ್ದರೆ ಮೊದಲು ಪ್ಯಾನೆಲ್ ವೈರು ಬಿಚ್ಚಿ ಒಂದು ದಿನ ನೋಡಿ.

ಕಿವುಡು ಯಾಕೆ ಬಂತು

ಸೆಟ್ಟಿಂಗ್ ವಾಪಸ್ ತಂದ ಮೇಲೂ ಬೆಟ್ಟದ ಡಬ್ಬಿಗೆ ಬಳ್ಳಾರಿಯ ಡಬ್ಬಿಗಿಂತ ಕಡಿಮೆ ಕೇಳಿಸುತ್ತಿತ್ತು. ಆಗ ನೋಡಿದ್ದು ಆಂಟೆನಾ ಶ್ರುತಿ. ತಂಬೂರಿ ತಂತಿಯ ಹಾಗೆ ಇದಕ್ಕೂ ಒಂದು ಶ್ರುತಿ ಇದೆ. 500 ಕಿಲೋಹರ್ಟ್ಸ್‌ಗೆ ಅತ್ತಿತ್ತ ಶೇ. 3.5ಕ್ಕಿಂತ ಜಾಸ್ತಿ ಸರಿಯಬಾರದು. ಅಳೆಯುವುದು ಸುಲಭ. ಚಿಪ್‌ಗೆ ಹೇಳಿದರೆ ಆ ಕಂಪನವನ್ನು 16ರಿಂದ ಭಾಗಿಸಿ ಇಂಟರಪ್ಟ್ ಕಾಲಿನ (ಮೈಕ್ರೋಕಂಟ್ರೋಲರನ್ನು ಕೂಗುವ ಪಿನ್) ಮೇಲೆ ಹೊರಗೆ ಕೊಡುತ್ತದೆ. ಅಲ್ಲಿ 31.25 ಕಿಲೋಹರ್ಟ್ಸ್ ಬರಬೇಕು, ಕಡಿಮೆ ಅಂದರೆ 30.16, ಹೆಚ್ಚು ಅಂದರೆ 32.34. ಫ್ರೀಕ್ವೆನ್ಸಿ ನೋಡುವ ಯಾವ ಮಲ್ಟಿಮೀಟರ್ ಆದರೂ ಆಗುತ್ತದೆ.

ನಮ್ಮದು 29.9 ಇತ್ತು. ಶ್ರುತಿ ಹೊಂದಿಸುವ ಕೆಪಾಸಿಟರ್‌ಗೆ ಹಳೇ ಬೋರ್ಡಿನಲ್ಲಿ ಕೊಟ್ಟಿದ್ದ 96 ಪಿಕೋಫ್ಯಾರಡ್ ಅನ್ನುವ ಅಂಕಿ ಪ್ರೋಗ್ರಾಮಿನಲ್ಲಿ ಹಾಗೇ ಉಳಿದಿತ್ತು. ಒಂದು ಬೋರ್ಡಿನ ಶ್ರುತಿ ಇನ್ನೊಂದಕ್ಕೆ ಬರುವುದಿಲ್ಲ. ಚಿಪ್ ಒಳಗಿನ ಕೆಪಾಸಿಟರ್ ಅನ್ನು 0ಯಿಂದ 120ರ ತನಕ 8ರ ಮೆಟ್ಟಿಲಲ್ಲಿ ಬದಲಿಸಬಹುದು. ಕಂಪನ ಕಡಿಮೆ ಇದ್ದರೆ ಕೆಪಾಸಿಟರ್ ಇಳಿಸಬೇಕು. ಇಳಿಸುತ್ತಾ 8ಕ್ಕೆ ತಂದಾಗ 31.2 ಸಿಕ್ಕಿತು. ಒಂದು ಮಾತು ಮರೆಯಬೇಡಿ: ಬೋರ್ಡ್ ಡಬ್ಬಿಯೊಳಗೆ ಕೂತ ಮೇಲೆ ಮತ್ತೆ ಅಳೆಯಿರಿ. ಹತ್ತಿರ ಲೋಹ ಇದ್ದರೆ ಶ್ರುತಿ ಸರಿಯುತ್ತದೆ. ಮಂಗಗಳು ಕಿತ್ತುಹಾಕುತ್ತವೆ ಅಂತ ನಾವು ಮೊದಲು ತಗಡಿನ ಪೆಟ್ಟಿಗೆ ಬಳಸಿದ್ದೆವು. ಅಲೆ ಒಳಗೆ ಬರಬೇಕಾದರೆ ತಗಡು ಆಗುವುದಿಲ್ಲ. ಈಗ ದಪ್ಪ ಪ್ಲಾಸ್ಟಿಕ್ ಡಬ್ಬಿ, ಸುತ್ತ ಕಲ್ಲಿನ ಗೂಡು.

ಪ್ರೋಗ್ರಾಮಿನಲ್ಲಿ ನೋಡಬೇಕಾದ್ದು ಇನ್ನೂ ಸ್ವಲ್ಪ ಇದೆ. ಚಿಪ್ ಕೂಗಿದ ತಕ್ಷಣ ಓದಬಾರದು, 2 ಮಿಲಿಸೆಕೆಂಡ್ ತಡೆದು ಓದಬೇಕು, ಇಲ್ಲವಾದರೆ ಯಾಕೆ ಕೂಗಿತು ಅಂತ ಹೇಳುವ ಅಂಕಿ ಸಿಗದೆ ನಿಜವಾದ ಸಿಡಿಲು ತಪ್ಪಿಹೋಗುತ್ತದೆ. ಎಷ್ಟು ಸಿಡಿಲಾದ ಮೇಲೆ ಹೇಳಬೇಕು ಅನ್ನುವುದಕ್ಕೆ 1, 5, 9, 16 ಅಂತ ಆಯ್ಕೆ ಇದೆ. ಬೆಟ್ಟದಲ್ಲಿ ಮೊದಲ ಸಿಡಿಲೇ ಒಂದು ಜೀವ ತೆಗೆಯಬಹುದು, 1ರಲ್ಲೇ ಇಡಿ. ಇನ್ನು, ಗದ್ದಲ ಸಿಕ್ಕಿದಾಗಲೆಲ್ಲ ಚಿಪ್ ಸುಮಾರು ಒಂದೂವರೆ ಸೆಕೆಂಡ್ ಕೇಳುವುದನ್ನು ನಿಲ್ಲಿಸುತ್ತದೆ. ಅಂದರೆ ಪಕ್ಕದಲ್ಲಿ ಗದ್ದಲ ಇದ್ದರೆ ಸುಳ್ಳು ಎಣಿಕೆ ಬರುವುದಷ್ಟೇ ಅಲ್ಲ, ಆ ಬಿಡುವಿನಲ್ಲಿ ಬಿದ್ದ ನಿಜವಾದ ಸಿಡಿಲೂ ಹೋಗುತ್ತದೆ. ಗದ್ದಲದ ಬೇರನ್ನೇ ಕೀಳಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಚಿಪ್ ಹೇಳುವ ದೂರವನ್ನು ಪೂರ್ತಿ ನಂಬಬೇಡಿ. ಅದು ಹೇಳುವುದು ಮಳೆಮೋಡದ ಮುಂಚೂಣಿಯ ಅಂದಾಜು ದೂರ, ಆ ಒಂದು ಸಿಡಿಲು ಬಿದ್ದ ಜಾಗದ ದೂರ ಅಲ್ಲ. ಅದೂ ಅಲೆಯ ಜೋರಿನ ಮೇಲೆ ಕಟ್ಟಿದ ಲೆಕ್ಕ. ಮಧ್ಯೆ ಒಂದು ಗುಡ್ಡ ಅಡ್ಡ ಬಂದರೆ ಅಲೆ ಸೊರಗುತ್ತದೆ, ಹತ್ತಿರದ್ದೂ ದೂರ ಅನಿಸುತ್ತದೆ.

ಕಂಬದ ಎಣಿಕೆ ಯಂತ್ರ ಸೊನ್ನೆ ತೋರಿಸಿದ್ದು

ಮರ ಸೀಳಿದ ಸಂಜೆ ಕಂಬದ ಯಂತ್ರವೂ ಸೊನ್ನೆ ತೋರಿಸಿತ್ತು. ಇದು ದೋಷವೇ ಆಗಿರಲಿಲ್ಲ. ಈ ಯಂತ್ರ ತನ್ನ ವೈರಿನಲ್ಲಿ ಹರಿದ ಕರೆಂಟನ್ನು ಮಾತ್ರ ಎಣಿಸುತ್ತದೆ. 6 ಮೀಟರ್ ಕಂಬ ತನ್ನ ಸುತ್ತ ಹೆಚ್ಚುಕಡಿಮೆ ತನ್ನ ಎತ್ತರದಷ್ಟು ಜಾಗಕ್ಕೆ ಕಾವಲು. ಮರ ಅದರ ವ್ಯಾಪ್ತಿಯಿಂದ ಎಷ್ಟೋ ಆಚೆ ಇತ್ತು. ಕಂಬಕ್ಕೆ ಬಡಿಯದ ಸಿಡಿಲನ್ನು ಎಣಿಸದೆ ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿತ್ತು.

ಆದರೆ ಹುಡುಕುವಾಗ ಒಂದು ನಿಜವಾದ ದೋಷ ಸಿಕ್ಕಿತು. ತಾಮ್ರದ ಪಟ್ಟಿಯ ಜೊತೆ ಕಂಬದ ಕಬ್ಬಿಣದ ಪೈಪೂ ನೆಲಕ್ಕೆ ಇಳಿದಿತ್ತು, ಕರೆಂಟಿಗೆ ಎರಡು ದಾರಿ. ಯಂತ್ರ ಇದ್ದದ್ದು ಒಂದರ ಮೇಲೆ. ಇಂಥ ಯಂತ್ರಗಳಿಗೆ ಸಾಮಾನ್ಯವಾಗಿ 1 ಕಿಲೋಆಂಪಿಯರ್ ಆಸುಪಾಸಿನ ಕರೆಂಟ್ ಹರಿದರೆ ಮಾತ್ರ ಎಚ್ಚರ. ಸಣ್ಣ ಸಿಡಿಲು ಎರಡು ದಾರಿಯಲ್ಲಿ ಹಂಚಿಹೋದರೆ ಎಣಿಕೆ ತಪ್ಪಬಹುದು. ನಾವು ಸಿಡಿಲು ಹಿಡಿಯುವ ಕಡ್ಡಿಯನ್ನು ಪೈಪಿಗೆ ತಾಗದಂತೆ ಮೇಲೆ ನಿಲ್ಲಿಸಿ, ಪೈಪನ್ನೂ ಪಟ್ಟಿಯನ್ನೂ ಕೆಳಗೆ ಅರ್ಥಿಂಗ್ ಹತ್ತಿರ ಮಾತ್ರ ಒಂದು ಕಡೆ ಸೇರಿಸಿದೆವು. ಇದನ್ನು ಬಲ್ಲವರ ಕೈಲಿ ಮಾಡಿಸಿ. ಪೈಪಿಗೂ ಪಟ್ಟಿಗೂ ನಡುವೆ ಸಾಕಷ್ಟು ಅಂತರ ಇಲ್ಲದಿದ್ದರೆ ಸಿಡಿಲು ಪಕ್ಕಕ್ಕೆ ಹಾರುತ್ತದೆ.

ಆಪ್‌ನ ಅಂಕಿಗೂ ಯಂತ್ರದ ಅಂಕಿಗೂ ತಾಳೆ ಆಗದಿದ್ದರೆ ಗಾಬರಿ ಬೇಡ. ಕಣ್ಣಿಗೆ ಒಂದಾಗಿ ಕಾಣುವ ಸಿಡಿಲಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಹೊಡೆತ ಇರುತ್ತವೆ, ಒಂದಕ್ಕೊಂದು ಹತ್ತಾರು ಮಿಲಿಸೆಕೆಂಡ್ ಅಂತರದಲ್ಲಿ. ಮಿಂಚು ಪಟಪಟ ಮಿಟುಕಿದ ಹಾಗೆ ಕಾಣುವುದು ಅದಕ್ಕೇ. ಒಬ್ಬರು ಹೊಡೆತ ಎಣಿಸುತ್ತಾರೆ, ಇನ್ನೊಬ್ಬರು ಸಿಡಿಲು ಎಣಿಸುತ್ತಾರೆ.

ಇನ್ನೊಂದು ವಿಷಯ ಮೊಬೈಲ್ ಟವರ್, ಗಾಳಿಯಂತ್ರ ನೋಡಿಕೊಳ್ಳುವವರಿಗೆ. ಕೊಪ್ಪಳದ ಯಲಬುರ್ಗಾ, ಕುಕನೂರು ಕಡೆ ಗಾಳಿಯಂತ್ರ ಬಹಳ ಇವೆ. ಎತ್ತರದ ಜಾಗದ ಎತ್ತರದ ಕಂಬದಿಂದ ಸಿಡಿಲು ಕೆಳಗಿನಿಂದ ಮೇಲಕ್ಕೂ ಹೊರಡುತ್ತದೆ. ಸ್ವಿಟ್ಜರ್ಲೆಂಡಿನ ಸಾನ್ ಸಾಲ್ವಟೋರೆ ಬೆಟ್ಟದ ಮೇಲೆ ಕಾರ್ಲ್ ಬರ್ಗರ್ ಎರಡು ಗೋಪುರಗಳಲ್ಲಿ ದಶಕಗಳ ಕಾಲ ಸಿಡಿಲಿನ ಕರೆಂಟನ್ನು ನೇರವಾಗಿ ಅಳೆದರು. ಆಸ್ಟ್ರಿಯಾದ ಗೈಸ್‌ಬರ್ಗ್ ಬೆಟ್ಟದ ಗೋಪುರದಲ್ಲಿ 1998ರಿಂದ ಅಳೆಯುತ್ತಿದ್ದಾರೆ, ಅಲ್ಲಿ ಬಡಿಯುವುದರಲ್ಲಿ ಬಹುಪಾಲು ಈ ಮೇಲ್ಮುಖದ ಸಿಡಿಲೇ. ಇವುಗಳಲ್ಲಿ ಕೆಲವಕ್ಕೆ ಚುರುಕಾದ ಹೊಡೆತ ಇರುವುದಿಲ್ಲ, ಕರೆಂಟ್ ನಿಧಾನವಾಗಿ ಹರಿದು ಮುಗಿಯುತ್ತದೆ. ದೂರದ ಸೆನ್ಸರ್ ಜಾಲಕ್ಕೆ ಅಂಥದ್ದು ಕಾಣುವುದಿಲ್ಲ. ಆಪ್‌ನಲ್ಲಿ ಏನೂ ಇಲ್ಲ ಅಂದಮಾತ್ರಕ್ಕೆ ಗಾಳಿಯಂತ್ರದ ರೆಕ್ಕೆಗೆ ಬಡಿದಿಲ್ಲ ಅಂತ ಅಲ್ಲ.

ಅರ್ಥಿಂಗ್ ಮತ್ತು ಉದ್ದದ ವೈರು

ಸಂಡೂರು ಬೆಟ್ಟದ ನೆತ್ತಿಯಲ್ಲಿ ಕೆಂಪು ಮಣ್ಣು ತೆಳು, ಕೆಳಗೆ ಗಟ್ಟಿ ಕಲ್ಲು. ಅದಿರಿನ ಬೆಟ್ಟ ಅಲ್ವಾ, ಕರೆಂಟ್ ಸಲೀಸಾಗಿ ಇಳಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನಾವು ಬೇಸಿಗೆಯಲ್ಲಿ ಅಳೆದಾಗ ಅರ್ಥಿಂಗ್‌ನ ತಡೆ 60 ಓಮ್ ಬಂತು. 10 ಓಮ್ ಒಳಗೆ ಇರಲಿ ಅನ್ನುವುದು ಸಾಮಾನ್ಯ ಗುರಿ. ಕಲ್ಲಿನಲ್ಲಿ ರಾಡ್ ಇಳಿಯುವುದಿಲ್ಲ, ಆದ್ದರಿಂದ ಪಟ್ಟಿಯನ್ನು ಮಣ್ಣಿನೊಳಗೆ ಅಡ್ಡಡ್ಡ ನಾಲ್ಕು ದಿಕ್ಕಿಗೆ ಹಾಸಿ ನೀರು ಹಿಡಿದಿಡುವ ಬೆಂಟೋನೈಟ್ ಜೇಡಿಮಣ್ಣು ತುಂಬಿದೆವು, 20ಕ್ಕೆ ಇಳಿಯಿತು. ಇದರಿಂದ ಎಣಿಕೆ ಬದಲಾಗುವುದಿಲ್ಲ, ಆದರೆ ಮಾಪಕ ಬದುಕುತ್ತದೆ. ಸಾಧಾರಣ ಸಿಡಿಲಿನ ಮೊದಲ ಹೊಡೆತ 30 ಕಿಲೋಆಂಪಿಯರ್ ಸುತ್ತ. 20 ಓಮ್‌ನಲ್ಲಿ ಅದು ಹರಿದರೆ 6 ಲಕ್ಷ ವೋಲ್ಟ್. ಆ ಕ್ಷಣಕ್ಕೆ ಕಂಬದ ಬುಡದ ನೆಲವೇ ಅಷ್ಟು ಏರುತ್ತದೆ. ಅಲ್ಲಿಂದ ಕೊಟ್ಟಿಗೆಗೋ ಮನೆಗೋ ಒಂದು ವೈರು ಎಳೆದಿದ್ದರೆ ಆ ವೋಲ್ಟೇಜ್ ಮನೆಯೊಳಗೆ ಬಂದ ಹಾಗೆ. ಬೆಟ್ಟದ ಮೇಲಿನ ನಮ್ಮ ಎರಡು ಡಬ್ಬಿಯಿಂದ ಈಗ ಹೊರಗೆ ಹೋಗುವ ಒಂದು ವೈರೂ ಇಲ್ಲ. ಬ್ಯಾಟರಿ ಒಳಗೇ, ಪ್ಯಾನೆಲ್ ಡಬ್ಬಿಯ ಮೇಲೇ, ಲೆಕ್ಕ ರೇಡಿಯೋದಲ್ಲಿ ಹೋಗುತ್ತದೆ, ಅದೂ ಗಂಟೆಗೊಮ್ಮೆ ಮಾತ್ರ.

ಗಡಿಯಾರ

ಬೆಟ್ಟದ ಡಬ್ಬಿ, ಬಳ್ಳಾರಿಯ ಡಬ್ಬಿ ಹೀಗೆ ಎರಡು ಜಾಗದ ಲೆಕ್ಕ ಹೋಲಿಸುವುದಾದರೆ ಗಡಿಯಾರ ನೋಡಿ. ಗಡಿಯಾರ ನಡೆಸುವ ಸಾಮಾನ್ಯ ಸ್ಫಟಿಕ ದಿನಕ್ಕೆ ಒಂದೂವರೆ ಎರಡು ಸೆಕೆಂಡ್ ಜಾರುತ್ತದೆ, ತಿಂಗಳಿಗೆ ಒಂದು ನಿಮಿಷದ ಹತ್ತಿರ. ದಿನಕ್ಕೊಮ್ಮೆ ಜಿಪಿಎಸ್ ಸಮಯಕ್ಕೆ ಹೊಂದಿಸಿದರೆ ಸಾಕು. ಅಲೆ ಒಂದೊಂದು ಡಬ್ಬಿಗೆ ತಲುಪಿದ ಹೊತ್ತಿನ ವ್ಯತ್ಯಾಸದಿಂದ ಸಿಡಿಲು ಬಿದ್ದ ಜಾಗ ಹುಡುಕುತ್ತೇವೆ ಅಂತ ಮಾತ್ರ ಹೊರಡಬೇಡಿ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಎರಡು ಮಿಲಿಸೆಕೆಂಡ್ ತಡಮಾಡಿ ಮಾತಾಡುವ ಚಿಪ್‌ಗೆ ಅದು ಆಗುವ ಕೆಲಸ ಅಲ್ಲ. ಬೆಟ್ಟ ಹತ್ತಿ ಇಳಿಯುವ ಅಲೆ ಸ್ವಲ್ಪ ತಡವಾಗಿ ತಲುಪುತ್ತದೆ ಅಂತ ದೊಡ್ಡ ಜಾಲದವರೂ ಆಲ್ಪ್ಸ್ ಬೆಟ್ಟಗಳಿಗೆ ಬೇರೆ ತಿದ್ದುಪಡಿ ಹಾಕಿಕೊಳ್ಳಬೇಕಾಯಿತು.

ಅಕ್ಟೋಬರಿನಲ್ಲಿ ಚಿತ್ತೆ ಮಳೆ ಬಂದಾಗ ಪರೀಕ್ಷೆ ಆಯಿತು. ಒಂದು ಸಂಜೆ 50 ನಿಮಿಷದಲ್ಲಿ ನೋಟ್‌ಬುಕ್‌ನಲ್ಲಿ 41 ಮಿಂಚು. ಬೆಟ್ಟದ ಡಬ್ಬಿಯಲ್ಲಿ 33. ಆ ರಾತ್ರಿ ಮೋಡ ಹೋದ ಮೇಲೆ ಒಂದೂ ಇಲ್ಲ. ತಪ್ಪಿದ 8ರಲ್ಲಿ 6 ತೆಂಕಣ ದಿಕ್ಕಿನವು. ಬೋರ್ಡಿನ ಸುರುಳಿ ಆಂಟೆನಾಗೂ ರೇಡಿಯೋ ಕಡ್ಡಿಯ ಹಾಗೆ ಮಂಕು ದಿಕ್ಕು ಇರುತ್ತದೆ, ನಮ್ಮದರ ಮಂಕು ದಿಕ್ಕು ತೆಂಕಣಕ್ಕೆ ಬಿದ್ದಿದೆ ಅನಿಸುತ್ತಿದೆ. ಭರಣಿ ಮಳೆಗೆ ಮುಂಚೆ ಹೋಗಿ ಡಬ್ಬಿಯನ್ನು ಕಾಲು ಸುತ್ತು ತಿರುಗಿಸಿ, ಶ್ರುತಿ ಮತ್ತೆ ಅಳೆದು, ಅದೇ ನೋಟ್‌ಬುಕ್ ಹಿಡಿದು ಕೂರುತ್ತೇವೆ.